ಗಾಯದ ಕಲೆಗೆ ಕೆಂಪು ಬೆಳಕು: ನೆಚ್ಚುವ ಮುನ್ನ ತಿಳಿಯಬೇಕಾದುದು

ಹಾವೇರಿ: ದೀಪಾವಳಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳ ಸಂಭ್ರಮ. ಕೊಬ್ಬರಿ ಹಾರ ಹರಿಯಲು ಮುನ್ನುಗ್ಗಿ ಕೋಡಿನ ತಿವಿತಕ್ಕೆ ಸಿಕ್ಕವರ ಗಾಯ ಕೆಲ ವಾರಗಳಲ್ಲಿ ಮಾಯುತ್ತದೆ. ಕಲೆ ಮಾತ್ರ ಉಳಿಯುತ್ತದೆ. ಒಲೆಯ ಬೆಂಕಿ, ಕುದಿಯುವ ಎಣ್ಣೆ, ಹೆದ್ದಾರಿಯ ಬೈಕ್ ಅಪಘಾತಗಳು ಉಳಿಸಿಹೋಗುವ ಕಲೆಗಳಿಗಂತೂ ಹಬ್ಬ, ಹುಣ್ಣಿಮೆಯ ಲೆಕ್ಕವಿಲ್ಲ.

ಮುಖದ ಮೇಲೊಂದು ಕಲೆಯಿದ್ದರೆ ಹೆಣ್ಣುಮಕ್ಕಳ ಮದುವೆಯ ಮಾತುಕತೆಯೇ ಮುರಿದುಬೀಳುವ ಸಮಾಜದಲ್ಲಿ, ಕೆಂಪು ಬೆಳಕಿನ ಉಪಕರಣದಿಂದ ಕಲೆ ಮಾಯವಾಗುತ್ತದೆ ಎಂಬ ಆನ್‌ಲೈನ್ ಜಾಹೀರಾತಿಗೆ ಮನಸೋಲುವುದು ಸಹಜ. ಆದರೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಈ ಬೆಳಕು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅರಿಯುವುದು ಲೇಸು.

ಹಳೆಯ ಕಲ್ಪನೆ, ಹೊಸ ರೂಪ

ಕಲೆಗೂ ಕೆಂಪು ಬೆಳಕಿಗೂ ನಂಟು ಕಲ್ಪಿಸಿದ್ದು ಇಂದು ನಿನ್ನೆಯಲ್ಲ. ಸಿಡುಬು ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿರಿಸಿದರೆ ಮುಖದ ಮೇಲೆ ಕುಳಿಗಳು ಉಳಿಯುವುದಿಲ್ಲ ಎಂದು ಡೆನ್ಮಾರ್ಕ್‌ನ ವೈದ್ಯ ನೀಲ್ಸ್ ಫಿನ್ಸೆನ್ 1893ರಲ್ಲಿ ಪ್ರತಿಪಾದಿಸಿದರು. ಅದು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. 1903ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು ಚರ್ಮದ ಕ್ಷಯಕ್ಕೆ ಬೆಳಕಿನಿಂದ ಮಾಡಿದ ಚಿಕಿತ್ಸೆಗಾಗಿ. 1960ರ ದಶಕದಲ್ಲಿ ಹಂಗರಿಯ ವೈದ್ಯ ಎಂಡ್ರೆ ಮೆಸ್ಟರ್, ಕಡಿಮೆ ಶಕ್ತಿಯ ಕೆಂಪು ಲೇಸರ್ ಬಿದ್ದ ಇಲಿಗಳ ಮೈಯಲ್ಲಿ ಕೂದಲು ಬೇಗ ಬೆಳೆಯುವುದನ್ನು ಗಮನಿಸಿದರು. ಇಂದಿನ ಎಲ್‌ಇಡಿ ಚಿಕಿತ್ಸೆಯ ಬೇರು ಅಲ್ಲಿದೆ.

ಕೆಲಸ ಮಾಡುವುದು ಹೇಗೆ?

ಸಾಮಾನ್ಯವಾಗಿ 630ರಿಂದ 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಇದಕ್ಕೆ ಬಳಸಲಾಗುತ್ತದೆ. ಇದರಲ್ಲಿ ನೇರಳಾತೀತ ಕಿರಣವಿಲ್ಲ. ಚರ್ಮದೊಳಗೆ ಕೆಲ ಮಿಲಿಮೀಟರ್ ಇಳಿಯುವ ಈ ಬೆಳಕನ್ನು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯ ಹೀರಿಕೊಂಡು ಕೋಶಕ್ಕೆ ಚೈತನ್ಯ ನೀಡುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಕೊಲಾಜೆನ್ ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು ಇದರಿಂದ ಚುರುಕಾಗುತ್ತವೆ.

ತೊಡಕಿರುವುದೂ ಇಲ್ಲಿಯೇ. ಮಾಯುತ್ತಿರುವ ಗಾಯಕ್ಕೆ ಕೊಲಾಜೆನ್ ಬೇಕು. ಉಬ್ಬಿದ ಕಲೆಯಲ್ಲಿ ಅದು ಈಗಾಗಲೇ ಅತಿಯಾಗಿದೆ. ಪ್ರಯೋಗಾಲಯದಲ್ಲಿ ಅಲ್ಪ ಪ್ರಮಾಣದ ಬೆಳಕು ಈ ಕೋಶಗಳನ್ನು ಹುರಿದುಂಬಿಸಿದರೆ, ಹೆಚ್ಚಿನ ಪ್ರಮಾಣ ಅವುಗಳ ಬೆಳವಣಿಗೆಯನ್ನು ತಗ್ಗಿಸಿದೆ. ಆದ್ದರಿಂದ ಪ್ರಮಾಣವೇ ಇಲ್ಲಿ ಮುಖ್ಯ. ಅದನ್ನು ಅಳೆದು ಹೇಳುವವರಿಲ್ಲದೆ ಮನೆಯಲ್ಲಿ ಬಳಸುವ ಉಪಕರಣದಿಂದ ನಿಶ್ಚಿತ ಫಲ ನಿರೀಕ್ಷಿಸಲಾಗದು. ಕಲೆಗಳ ಕುರಿತು ಮನುಷ್ಯರ ಮೇಲೆ ನಡೆದ ಅಧ್ಯಯನಗಳೂ ಸಣ್ಣ ಪ್ರಮಾಣದವು. ಹೊಸ ಕಲೆಗೆ ಅಲ್ಪಸ್ವಲ್ಪ ನೆರವಾದೀತು. ಹಳೆಯ ಕಲೆಯನ್ನು ಅಳಿಸಿಹಾಕುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ನಮ್ಮ ಮೈಬಣ್ಣಕ್ಕೆ ಎಚ್ಚರ

2020ರಲ್ಲಿ ಪ್ರಕಟವಾದ ಅಮೆರಿಕದ ಸುರಕ್ಷತಾ ಅಧ್ಯಯನದಲ್ಲಿ, ಬಿಳಿಯರಿಗಿಂತ ಗಾಢ ಮೈಬಣ್ಣದವರ ಚರ್ಮ ಕೆಂಪು ಬೆಳಕನ್ನು ಸಹಿಸುವ ಮಿತಿ ಕಡಿಮೆ ಎಂದು ಕಂಡುಬಂದಿದೆ. ಮಿತಿ ಮೀರಿದರೆ ಬೊಬ್ಬೆ ಏಳಬಹುದು. ಬಿಳಿ ಚರ್ಮದವರ ಲೆಕ್ಕದಲ್ಲಿ ಬರೆದ ಬಳಕೆಯ ಸೂಚನೆ ನಮ್ಮವರಿಗೆ ಒಗ್ಗಲೇಬೇಕೆಂದಿಲ್ಲ. ಬೆಳಕಿಗೆ ಚರ್ಮವನ್ನು ಸೂಕ್ಷ್ಮಗೊಳಿಸುವ ಡಾಕ್ಸಿಸೈಕ್ಲಿನ್‌ನಂಥ ಔಷಧ ಸೇವಿಸುತ್ತಿರುವವರು ಹಾಗೂ ಲೂಪಸ್ ರೋಗಿಗಳು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು. ಕಣ್ಣಿಗೆ ರಕ್ಷಣೆಯಂತೂ ಬೇಕೇ ಬೇಕು.

ಮೊದಲು ಮಾಡಬೇಕಾದುದು

ಕಲೆಯ ಚಿಕಿತ್ಸೆ ಗಾಯವಾದ ಕ್ಷಣದಿಂದಲೇ ಆರಂಭವಾಗುತ್ತದೆ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು; ಟೂತ್‌ಪೇಸ್ಟ್, ಶಾಯಿ, ಬೂದಿ ಸವರುವುದು ಸಲ್ಲದು. ಗಾಯ ಪೂರ್ತಿ ಮಾಯ್ದ ಮೇಲೆ ಸಿಲಿಕೋನ್ ಹಾಳೆ ಅಥವಾ ಜೆಲ್ ಅನ್ನು ಎರಡು ಮೂರು ತಿಂಗಳು ಬಿಡದೆ ಬಳಸುವುದು, ಮೃದುವಾಗಿ ತಿಕ್ಕುವುದು, ಬಿಸಿಲು ತಾಗದಂತೆ ಮುಚ್ಚಿಕೊಳ್ಳುವುದು ವೈದ್ಯರು ಮೊದಲು ಸೂಚಿಸುವ ಕ್ರಮಗಳು. ಹೊಲದಲ್ಲಿ ದುಡಿಯುವವರಿಗೆ ತಲೆಗೆ ಸುತ್ತುವ ಟವೆಲ್, ತುಂಬು ತೋಳಿನ ಅಂಗಿಯೇ ಔಷಧ! ಕಲೆ ಹಣ್ಣಾಗಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಈ ಅವಧಿಯಲ್ಲಿ ಅದು ತಾನಾಗಿಯೇ ಮಾಸುವುದುಂಟು. ಆ ಕೀರ್ತಿ ಅನೇಕ ವೇಳೆ ಉಪಕರಣದ ಪಾಲಾಗುತ್ತದೆ.

ಗಾಯದ ಎಲ್ಲೆ ಮೀರಿ ಬೆಳೆಯುವ ಕೆಲಾಯ್ಡ್‌ಗೆ ಚುಚ್ಚುಮದ್ದು ಮೊದಲಾದ ಬೇರೆ ಚಿಕಿತ್ಸೆಗಳಿವೆ. ಸುಟ್ಟ ಚರ್ಮ ಬಿಗಿದು ಬೆರಳು, ಮೊಣಕೈ, ಕುತ್ತಿಗೆ ಮಡಚಿಕೊಂಡಿದ್ದರೆ ಅದು ಅಂದದ ಪ್ರಶ್ನೆಯಲ್ಲ, ದುಡಿಮೆಯ ಪ್ರಶ್ನೆ. ಅದಕ್ಕೆ ವ್ಯಾಯಾಮ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆಯೇ ಗತಿ. ಬೆಳಕಿನ ಮುಂದೆ ಕಳೆದ ತಿಂಗಳುಗಳು ಕೈಯನ್ನು ಇನ್ನಷ್ಟು ಬಿಗಿಯುತ್ತವೆ. ಇಂಥವರು ತಡಮಾಡದೆ ಹಾವೇರಿ ಜಿಲ್ಲಾ ಆಸ್ಪತ್ರೆಯನ್ನಾಗಲಿ, ಹುಬ್ಬಳ್ಳಿಯಲ್ಲಿ ಜನ ‘ಕಿಮ್ಸ್’ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಯನ್ನಾಗಲಿ ಕಾಣುವುದು ಒಳಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸಾ ನೆರವಿದ್ದು, ಸುಟ್ಟಗಾಯದ ಚಿಕಿತ್ಸೆಯೂ ಅದರ ವ್ಯಾಪ್ತಿಯಲ್ಲಿದೆ.

ಇವೆಲ್ಲ ಆದ ಬಳಿಕವೂ ಕೆಂಪು ಬೆಳಕು ಬೇಕೆನಿಸಿದರೆ ಚರ್ಮವೈದ್ಯರ ಸಲಹೆ ಪಡೆದು ಬಳಸಬಹುದು. ಆದರೆ ಅದು ಊಟದೊಂದಿಗಿನ ಉಪ್ಪಿನಕಾಯಿಯಷ್ಟೇ, ಅದೇ ಊಟವಾಗಲಾರದು.