ರೈಲು ಸಂಚಾರದಲ್ಲಿ ವ್ಯತ್ಯಯ: ಪ್ರಯಾಣಿಕರಿಗೆ ಮಾಹಿತಿ ಹಾಗೂ ಹಣ ವಾಪಸಾತಿ

ಹುಣಸೂರು, ಪಿರಿಯಾಪಟ್ಟಣ ಹಾಗೂ ಎಚ್.ಡಿ. ಕೋಟೆ ಪಟ್ಟಣಗಳಿಗೆ ರೈಲು ಸಂಪರ್ಕವಿರುವುದಿಲ್ಲ. ಕೆ.ಆರ್. ನಗರವು ಮೈಸೂರು–ಹಾಸನ ಮಾರ್ಗದಲ್ಲಿದೆ. ಈ ಭಾಗದ ಬಹುತೇಕ ಪ್ರಯಾಣಿಕರು ಬಸ್ಸಿನಲ್ಲಿ ಮೈಸೂರು ಅಥವಾ ಕೆ.ಆರ್. ನಗರ ತಲುಪಿ ರೈಲು ಹತ್ತಬೇಕಾಗಿರುವುದರಿಂದ, ಮನೆಯಿಂದ ಹೊರಡುವ ಮೊದಲೇ ರೈಲಿನ ಸ್ಥಿತಿಯನ್ನು ತಿಳಿದುಕೊಳ್ಳುವುದು ಅಗತ್ಯ.

ವ್ಯತ್ಯಯದ ನಿರ್ವಹಣೆ

ಹಳಿಯಲ್ಲಿ ಅಡಚಣೆ ಉಂಟಾದಾಗ ಸ್ಟೇಷನ್ ಮಾಸ್ಟರರು ವಿಭಾಗೀಯ ನಿಯಂತ್ರಣ ಕಚೇರಿಗೆ ವರದಿ ಮಾಡುತ್ತಾರೆ. ರೈಲನ್ನು ತಡೆದು ನಿಲ್ಲಿಸುವುದು, ಬೇರೆ ಮಾರ್ಗದಲ್ಲಿ ಕಳುಹಿಸುವುದು, ನಡುವಿನ ನಿಲ್ದಾಣದಲ್ಲೇ ಕೊನೆಗೊಳಿಸುವುದು ಅಥವಾ ರದ್ದುಪಡಿಸುವುದು ಅಡಚಣೆಯ ಸ್ವರೂಪವನ್ನು ಅವಲಂಬಿಸಿರುತ್ತದೆ. 2024ರ ಜುಲೈ 26ರಂದು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯ ಯಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತ ಉಂಟಾದಾಗ ಮಂಗಳೂರು ಕಡೆಯ ಹಲವು ರೈಲುಗಳು ರದ್ದಾದವು. ಮಳೆಗಾಲದಲ್ಲಿ ಆ ಕಡೆಗೆ ಪ್ರಯಾಣಿಸುವವರು ವಿಶೇಷ ಗಮನ ವಹಿಸುವುದು ಸೂಕ್ತ.

ಮಾಹಿತಿ ಪಡೆಯುವ ವಿಧಾನ

139 ದೂರವಾಣಿ ಸಂಖ್ಯೆ, ರಾಷ್ಟ್ರೀಯ ರೈಲು ವಿಚಾರಣಾ ವ್ಯವಸ್ಥೆ ಹಾಗೂ ನಿಲ್ದಾಣದ ಪ್ರಕಟಣೆಗಳ ಮೂಲಕ ಮಾಹಿತಿ ದೊರೆಯುತ್ತದೆ. ರೈಲು ರದ್ದಾದ ಸಂದೇಶವು ಮುಂಗಡ ಕಾಯ್ದಿರಿಸುವಾಗ ನೀಡಿದ ಮೊಬೈಲ್ ಸಂಖ್ಯೆಗೆ ಬರುತ್ತದೆ. ಆದುದರಿಂದ ಏಜೆಂಟರ ಸಂಖ್ಯೆಯ ಬದಲು ಪ್ರಯಾಣಿಕರ ಸ್ವಂತ ಸಂಖ್ಯೆಯನ್ನೇ ನಮೂದಿಸತಕ್ಕದ್ದು. ತಡವಾದ ರೈಲು ದಾರಿಯಲ್ಲಿ ಸಮಯ ಸರಿದೂಗಿಸಿಕೊಳ್ಳಬಹುದಾದ ಕಾರಣ, ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸುವುದು ಒಳಿತು.

ಹಣ ವಾಪಸಾತಿ

1. ರೈಲು ಪೂರ್ಣ ರದ್ದಾದಲ್ಲಿ: ಪೂರ್ಣ ದರ ವಾಪಸು ದೊರೆಯುತ್ತದೆ. ಇ-ಟಿಕೆಟ್‌ನ ಹಣ ತಾನಾಗಿಯೇ ಖಾತೆಗೆ ಜಮೆಯಾಗುತ್ತದೆ, ಅರ್ಜಿ ಬೇಕಿಲ್ಲ. ಕೌಂಟರ್ ಟಿಕೆಟನ್ನು ನಿಗದಿತ ನಿರ್ಗಮನದಿಂದ ಮೂರು ದಿನಗಳೊಳಗೆ ಕೌಂಟರಿನಲ್ಲಿ ಒಪ್ಪಿಸಬೇಕು.

2. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣ ಕೈಬಿಟ್ಟಲ್ಲಿ: ಪೂರ್ಣ ದರ ದೊರೆಯುತ್ತದೆ. ಆದರೆ ಇ-ಟಿಕೆಟ್ ಹೊಂದಿರುವವರು ಟಿಕೆಟ್ ಠೇವಣಿ ರಸೀದಿ ಎಂಬ ಆನ್‌ಲೈನ್ ಕೋರಿಕೆಯನ್ನು, ಅಂದರೆ ಟಿ.ಡಿ.ಆರ್. ಅನ್ನು, ರೈಲು ವಾಸ್ತವವಾಗಿ ಹೊರಡುವ ಮೊದಲೇ ಸಲ್ಲಿಸಬೇಕು. ಕೌಂಟರ್ ಟಿಕೆಟನ್ನೂ ಅಷ್ಟರೊಳಗೇ ಒಪ್ಪಿಸಬೇಕು. ತಡವನ್ನು ಹತ್ತುವ ನಿಲ್ದಾಣದ ವೇಳೆಯಂತೆ ಲೆಕ್ಕ ಹಾಕಲಾಗುತ್ತದೆ.

ಎರಡನೆಯ ಸಂದರ್ಭದಲ್ಲಿಯೇ ಹಣ ಕೈತಪ್ಪುವ ಸಂಭವ ಹೆಚ್ಚು. ಎಚ್.ಡಿ. ಕೋಟೆಯ ಪ್ರಯಾಣಿಕರೊಬ್ಬರು ಮೈಸೂರಿನಲ್ಲಿ ಹತ್ತಬೇಕಾದ ರೈಲು ನಾಲ್ಕು ಗಂಟೆ ತಡವೆಂದು ತಿಳಿದು ಊರಿನಲ್ಲಿಯೇ ಉಳಿದರೆ, ಕೌಂಟರ್ ಟಿಕೆಟ್ ಒಪ್ಪಿಸಲು ರೈಲು ಹೊರಡುವುದರೊಳಗೆ ಕೌಂಟರ್ ತಲುಪಲೇಬೇಕು. ಇ-ಟಿಕೆಟ್ ಇದ್ದಲ್ಲಿ ಮನೆಯಿಂದಲೇ ಕೋರಿಕೆ ಸಲ್ಲಿಸಬಹುದು. ದೂರದ ಗ್ರಾಮಗಳವರು ಟಿಕೆಟ್ ಪಡೆಯುವಾಗಲೇ ಈ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಳ್ಳಲು ಕೋರಲಾಗಿದೆ.