ನೋವಿನ ಔಷಧಗಳ ಒಟ್ಟು ಲೆಕ್ಕ

ಕ್ಯಾನ್ಸರ್ ರೋಗಿ ಇರುವ ಮನೆಯ ಔಷಧದ ಡಬ್ಬಿಯಲ್ಲಿ ಮಾರ್ಫಿನ್ ಮಾತ್ರೆಯ ಪಕ್ಕದಲ್ಲೇ ಹಳೆಯ ಚೀಟಿಯ ಟ್ರಮಡಾಲ್, ಕೆಮ್ಮಿಗೆಂದು ತಂದ ಕೊಡೀನ್ ಸಿರಪ್ ಇರುವುದುಂಟು. ಹೆಸರು ಬೇರೆ, ಬರೆದುಕೊಟ್ಟ ವೈದ್ಯರೂ ಬೇರೆ. ಆದರೆ ಮೂರೂ ಒಪಿಯಾಯ್ಡ್‌ಗಳು, ಅಂದರೆ ಅಫೀಮಿನ ಬಳಗದ ಔಷಧಗಳು. ಮಿದುಳು, ಬೆನ್ನುಹುರಿಗಳಲ್ಲಿರುವ ಒಂದೇ ಬಗೆಯ ಗ್ರಾಹಕಗಳನ್ನು ಹಿಡಿದು ಅವು ನೋವು ತಗ್ಗಿಸುತ್ತವೆ. ಅವೇ ಗ್ರಾಹಕಗಳು ಉಸಿರಾಟವನ್ನು ನಡೆಸುವ ಕೇಂದ್ರದಲ್ಲೂ ಇವೆ. ಆದ್ದರಿಂದ ಈ ಔಷಧಗಳನ್ನು ಬಿಡಿಬಿಡಿಯಾಗಿ ನೋಡದೆ, ಒಬ್ಬರೇ ವೈದ್ಯರು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸುಮಾರು 100 ಮಿಲಿಗ್ರಾಂ ಕೊಡೀನ್ ನುಂಗಿದರೆ 10 ಮಿಲಿಗ್ರಾಂ ಮಾರ್ಫಿನ್ ನುಂಗಿದಂತೆ. ಟ್ರಮಡಾಲ್‌ನದೂ ಹೆಚ್ಚುಕಡಿಮೆ ಅದೇ ಲೆಕ್ಕ. ಕೊಡೀನ್ ದೇಹದಲ್ಲಿ ಮಾರ್ಫಿನ್ ಆಗಿ ಮಾರ್ಪಡುವ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಈ ಅಂದಾಜನ್ನು ಹಿಡಿದು ಮನೆಯಲ್ಲೇ ಮಾತ್ರೆ ಬದಲಿಸುವುದು ಅಪಾಯ.

ಹಾಗೆಂದು ಎರಡು ಒಪಿಯಾಯ್ಡ್‌ಗಳನ್ನು ಜೊತೆಯಾಗಿ ಕೊಡಲೇಬಾರದು ಎಂದಲ್ಲ. ಎರಡಕ್ಕೂ ಬೇರೆಬೇರೆ ಕೆಲಸವಿದ್ದರೆ ಜೋಡಿ ಸರಿಯಾದುದೇ. ಫೆಂಟನಿಲ್ ಎಂಬ ಒಪಿಯಾಯ್ಡ್‌ನ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿದರೆ ಅದರ ಪೂರ್ಣ ಪರಿಣಾಮ ಕಾಣಲು ಅರ್ಧ ದಿನಕ್ಕೂ ಹೆಚ್ಚು ಬೇಕು. ಸಾಮಾನ್ಯವಾಗಿ ಒಂದು ಪಟ್ಟಿ 72 ಗಂಟೆ ನಡೆಯುತ್ತದೆ. ಅದು ದಿನವಿಡೀ ಇರುವ ನೋವಿಗೆ. ನಡುವೆ ಇದ್ದಕ್ಕಿದ್ದಂತೆ ಉಕ್ಕಿ ಬರುವ ನೋವಿಗೆ ಬೇಗ ಕೆಲಸ ಮಾಡುವ ಮಾರ್ಫಿನ್ ಮಾತ್ರೆ ಬೇಕಾಗುತ್ತದೆ. ಮಾರ್ಫಿನ್ ಒಂದನ್ನೇ ಪಡೆಯುವವರಿಗೂ ದಿನದ ಒಟ್ಟು ಪ್ರಮಾಣದ ಆರರಲ್ಲಿ ಒಂದರಿಂದ ಹತ್ತರಲ್ಲಿ ಒಂದು ಪಾಲಿನಷ್ಟನ್ನು ಹೀಗೆ ಹೆಚ್ಚುವರಿಯಾಗಿ ಬರೆದುಕೊಡುವುದು ವಾಡಿಕೆ. ಪಟ್ಟಿ ಕಿತ್ತ ಮೇಲೂ ಚರ್ಮದಡಿಯ ಔಷಧ ಬಹಳ ಹೊತ್ತು ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಬಿಸಿನೀರಿನ ಚೀಲ ಇಟ್ಟರೆ, ಜ್ವರ ಏರಿದರೆ ಇನ್ನೂ ವೇಗವಾಗಿ ಇಳಿಯುತ್ತದೆ.

ಒಂದು ಔಷಧ ಸಾಲದೆ ಹೋದಾಗ ಇನ್ನೊಂದನ್ನು ಸೇರಿಸಿದರೆ ತಪ್ಪೇನು ಎಂಬ ಪ್ರಶ್ನೆ ಸಹಜ. ದಿನವಿಡೀ ನೋವು ತಡೆಯಲು ಎರಡು ಪ್ರಬಲ ಒಪಿಯಾಯ್ಡ್‌ಗಳನ್ನು ಒಟ್ಟಿಗೆ ಕೊಟ್ಟರೆ ಹೆಚ್ಚು ಪ್ರಯೋಜನ ಎನ್ನಲು ಇರುವ ಪುರಾವೆ ತೀರ ತೆಳು. ನೋವು ಬಗ್ಗದಿರುವುದಕ್ಕೆ ಕಾರಣ ಬಹಳ ಸಲ ಬೇರೆಲ್ಲೋ ಇರುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ವಿಕಿರಣ ಚಿಕಿತ್ಸೆ ನೆರವಾಗುತ್ತದೆ, ನರದ ನೋವಿಗೆ ಬೇರೆಯದೇ ಔಷಧಗಳಿವೆ. ಕೆಲವು ಜೋಡಿಗಳಂತೂ ಕೆಲಸವನ್ನೇ ಕೆಡಿಸುತ್ತವೆ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಪೆಂಟಜೋಸಿನ್ ಇಂಜೆಕ್ಷನ್ನನ್ನು ನಿತ್ಯ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಕೊಟ್ಟರೆ, ಅದು ಮಾರ್ಫಿನ್‌ಗೆ ಅಡ್ಡ ನಿಂತು ನೋವು ಮರುಕಳಿಸಬಹುದು. ಬೆವರು, ವಾಂತಿ, ನಡುಕ ಶುರುವಾಗಬಹುದು. ಟ್ರಮಡಾಲ್ ಅನ್ನು ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ನುಂಗಿದರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೇ ಎಷ್ಟೋ ಸಲ ಒಳ್ಳೆಯ ದಾರಿ. ಆಗಲೂ ಸಮಾನ ಪ್ರಮಾಣಕ್ಕಿಂತ ಕಾಲುಭಾಗದಿಂದ ಅರ್ಧದಷ್ಟು ಕಡಿಮೆ ಮಾಡಿಯೇ ಆರಂಭಿಸುತ್ತಾರೆ, ಏಕೆಂದರೆ ಹಳೆಯ ಔಷಧಕ್ಕೆ ಒಗ್ಗಿದ ದೇಹ ಹೊಸದಕ್ಕೆ ಅಷ್ಟೇ ಒಗ್ಗಿರುವುದಿಲ್ಲ.

ಇಷ್ಟೊಂದು ಅಪಾಯವಿದ್ದರೆ ಇವುಗಳ ಸಹವಾಸವೇ ಬೇಡ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಗೆ ಅಂಜಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಈ ದೇಶದಲ್ಲೇ ರೋಗಿಗಳು ನರಳುತ್ತಾ ಸತ್ತರು. 2014ರ ತಿದ್ದುಪಡಿ ಮಾರ್ಫಿನ್ ಸಿಗುವ ದಾರಿಯನ್ನು ಸುಗಮಗೊಳಿಸಿತು. ಭಯಪಡಬೇಕಾದದ್ದು ವೈದ್ಯರು ನೋಡಿಕೊಳ್ಳುವ ಮಾರ್ಫಿನ್‌ಗಲ್ಲ, ಯಾರ ಲೆಕ್ಕಕ್ಕೂ ಸಿಗದೆ ಸೇರಿಕೊಳ್ಳುವ ಔಷಧಗಳಿಗೆ. ಒಪಿಯಾಯ್ಡ್ ಜೊತೆ ನಿದ್ರೆಮಾತ್ರೆ, ಆತಂಕದ ಮಾತ್ರೆ ಸೇರಿದರೆ ಜೀವಕ್ಕೆ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. ಮದ್ಯವೂ ಅಷ್ಟೇ ಅಪಾಯಕಾರಿ. ಎಬ್ಬಿಸಿದರೂ ಏಳದ ತೂಕಡಿಕೆ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ನಿಧಾನವಾಗುತ್ತಿರುವ ಉಸಿರು ಕಂಡರೆ ಒಡನೆ ಆಸ್ಪತ್ರೆಗೆ ಒಯ್ಯಬೇಕು; ಅಲ್ಲಿ ನಲೊಕ್ಸೋನ್ ಎಂಬ ಪ್ರತ್ಯೌಷಧವಿದೆ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಅವಶೇಷ ದೇಹದಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಆದ್ದರಿಂದ ವಾಂತಿ ಭೇದಿಯಾಗಿ ಮೂತ್ರ ತೀರ ಕಡಿಮೆಯಾದ ದಿನ, ಮುಂದಿನ ಮಾತ್ರೆ ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು.