ತತ್ತಿಯಿಂದ ತತ್ತಿಗೆ ದಾಟುವ ಮಿಡಿತ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಹುತ್ತಕ್ಕೆ ಹಾಲೆರೆದು, ಉಂಡಿ ಹಂಚಿ, ಜೋಕಾಲಿ ಜೀಕುವ ನಾಗರ ಪಂಚಮಿಯು ಶ್ರಾವಣದಲ್ಲಿ ಬರುತ್ತದೆ. ನೆಲದೊಳಗೆ ನಾಗರಹಾವಿನ ತತ್ತಿಗಳು ಒಡೆಯುವ ಕಾಲವೂ ಹೆಚ್ಚುಕಡಿಮೆ ಅದೇ. ಬೇಸಿಗೆಯಿಂದ ಮುಂಗಾರಿನ ಆರಂಭದವರೆಗಿನ ಅವಧಿಯಲ್ಲಿ ಹೆಣ್ಣು ನಾಗರ ಇಲಿಬಿಲದಲ್ಲೋ ಹುತ್ತದಲ್ಲೋ ಸಾಮಾನ್ಯವಾಗಿ 12ರಿಂದ 30 ತತ್ತಿಗಳನ್ನಿಟ್ಟು ಅವುಗಳ ಬಳಿಯಲ್ಲೇ ಉಳಿಯುತ್ತದೆ, ಮತ್ತು 48ರಿಂದ 69 ದಿನಗಳ ಬಳಿಕ ಮರಿಗಳು ಹೊರಬರುತ್ತವೆ. ಮರಿಯ ಮೂತಿಯ ತುದಿಯಲ್ಲಿ ಆ ಒಂದು ಕೆಲಸಕ್ಕಾಗಿಯೇ ಮೂಡಿ ಅನಂತರ ಉದುರಿಹೋಗುವ ಚಿಕ್ಕ ಹಲ್ಲೊಂದಿದ್ದು, ತತ್ತಿಹಲ್ಲು ಎನ್ನಬಹುದಾದ ಅದರಿಂದ ಮರಿಯು ತೊಗಲಿನಂತಹ ಮೆತ್ತನೆಯ ಚಿಪ್ಪನ್ನು ಸೀಳುತ್ತದೆ. ಒಂದು ಚಿಪ್ಪು ಸೀಳಿದ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ನೆರೆಯ ಚಿಪ್ಪುಗಳೂ ಸೀಳುವುದನ್ನು ಕಂಡವರಿಗೆ, ಮೊದಲ ಮರಿಯೇ ಉಳಿದವುಗಳನ್ನು ಎಬ್ಬಿಸಿತೇ ಎಂಬ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ.

ಒಟ್ಟಿಗೆ ಒಡೆದ ಮಾತ್ರಕ್ಕೆ ತತ್ತಿಗಳ ನಡುವೆ ಸಂದೇಶ ಹರಿದಿದೆ ಎನ್ನಲಾಗದು. ಒಂದೇ ಹೊತ್ತಿನಲ್ಲಿ ಇಟ್ಟ, ಒಂದೇ ಬಿಲದ ಒಂದೇ ಕಾವಿನಲ್ಲಿ ಬಲಿತ ತತ್ತಿಗಳು, ಒಂದೇ ದಿನ ಬಿತ್ತಿದ ಜೋಳವು ಒಟ್ಟಿಗೆ ಮೊಳೆಯುವಂತೆ, ತಮ್ಮ ಪಾಡಿಗೆ ತಾವೇ ಒಟ್ಟಿಗೆ ಒಡೆಯಬಹುದು. ಆದ್ದರಿಂದ ವಿಜ್ಞಾನಿಗಳು ಮಾಡಬೇಕಾಗಿದ್ದುದು ಕಾವಿನ ಪಾಲನ್ನೂ ನೆರೆಯ ಪಾಲನ್ನೂ ಬೇರ್ಪಡಿಸುವ ಕೆಲಸ. ಆ ಕೆಲಸ ಆರಂಭವಾದದ್ದು ಹಾವಿನಿಂದಲ್ಲ, ಹಕ್ಕಿಯಿಂದ.

1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಅವರು ಲಾವಕ್ಕಿಗಳ ತತ್ತಿಗಳನ್ನು ಅಭ್ಯಸಿಸಿ, ಹೊರಬರುವ ಮುನ್ನ ಮರಿಗಳು ಚಿಪ್ಪಿನೊಳಗಿಂದಲೇ ಟಕಟಕನೆ ಸದ್ದು ಮಾಡುತ್ತವೆ, ಒಂದಕ್ಕೊಂದು ತಾಗಿಕೊಂಡ ತತ್ತಿಗಳಲ್ಲಿ ಈ ಸದ್ದು ಹಿಂದುಳಿದ ಮರಿಯನ್ನು ಬೇಗ ಸಿದ್ಧಗೊಳಿಸುತ್ತದೆ ಎಂದು ತೋರಿಸಿದರು. ಸರೀಸೃಪಗಳಲ್ಲಿ, ಅಂದರೆ ಹಾವು, ಹಲ್ಲಿ, ಆಮೆ, ಮೊಸಳೆಗಳ ವರ್ಗದಲ್ಲಿ, ಇಂಥ ಸದ್ದಿನ ಸ್ಪಷ್ಟ ಉದಾಹರಣೆ ಸಿಕ್ಕಿದ್ದು ಮೊಸಳೆಯಲ್ಲಿ. ಫ್ರಾನ್ಸಿನ ಅಮೆಲಿ ವೆರ್ನ್ ಮತ್ತು ನಿಕೊಲಾ ಮಾತೆವೊನ್ ಅವರು ನೈಲ್ ಮೊಸಳೆಯ ಮರಿಗಳು ತತ್ತಿಯೊಳಗಿಂದ ಕೂಗುವ ದನಿಯನ್ನು ಮುದ್ರಿಸಿ, ಒಡೆಯಲು ಸಿದ್ಧವಾಗಿದ್ದ ಬೇರೆ ತತ್ತಿಗಳಿಗೆ ಕೇಳಿಸಿದಾಗ, ಒಳಗಿನ ಮರಿಗಳು ಮರುದನಿಗೊಟ್ಟು, ಅಲುಗಾಡಿ, ಬೇಗನೆ ಹೊರಬಂದವು ಎಂಬುದನ್ನು 2008ರಲ್ಲಿ ಪ್ರಕಟಿಸಿದರು. ಅದೇ ದನಿಯನ್ನು ಕೇಳಿದ ತಾಯಿ ಮೊಸಳೆ ಮರಳನ್ನು ಕೆದಕತೊಡಗಿತು. ಕೃಷ್ಣೆಯ ದಡದ ರೈತರಿಗೆ ಪರಿಚಿತವಾದ ನಮ್ಮ ಮೊಸಳೆಯ ಮರಿಗಳೂ ತತ್ತಿಯೊಳಗಿಂದ ಕೂಗಬಲ್ಲವು.

ಆಮೆಗಳ ಮೇಲಿನ ಪ್ರಯೋಗವು ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದಿತು. ಆಸ್ಟ್ರೇಲಿಯದ ಮರ್ರೆ ನದಿಯ ಆಮೆಯು ಮಣ್ಣಿನಲ್ಲಿಡುವ ತತ್ತಿಗಳಲ್ಲಿ ಮೇಲಿನವು ಬಿಸಿಲಿನ ಕಾವಿಗೆ ಬೇಗ ಬೆಳೆದರೆ, ಕೆಳಗಿನವು ತಂಪಿನಲ್ಲಿ ನಿಧಾನವಾಗಿ ಬೆಳೆಯುತ್ತವೆ. ರಿಕಿ ಸ್ಪೆನ್ಸರ್ ಮತ್ತು ಸಂಗಡಿಗರು ಒಂದೇ ಗೂಡಿನ ತತ್ತಿಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿ, ಅನಂತರ ಮತ್ತೆ ಕೂಡಿಸಿದಾಗ, ಹಿಂದುಳಿದವು ಮುಂದಿನವುಗಳ ಜೊತೆಗೇ ಒಡೆದವು. 2001ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಕಾವಿನ ವ್ಯತ್ಯಾಸವನ್ನೂ ಮೀರಿಸುವ ಸೆಳೆತವೊಂದು ನೆರೆಯಿಂದ ಬರುತ್ತದೆಂಬುದು ಖಚಿತವಾಯಿತು. ಮುಂದೆ 2012ರಲ್ಲಿ, ಹಿಂದುಳಿದ ಭ್ರೂಣಗಳು ತಮ್ಮ ಚಯಾಪಚಯವನ್ನು, ಅಂದರೆ ದೇಹವು ಆಹಾರವನ್ನು ಶಕ್ತಿಯಾಗಿಸಿ ಬಳಸುವ ವೇಗವನ್ನು, ಹೆಚ್ಚಿಸಿಕೊಂಡು ಉಳಿದವುಗಳ ಜೊತೆ ಸೇರಿಕೊಳ್ಳುತ್ತವೆಂದು ಇದೇ ಆಮೆಯಲ್ಲಿ ಕಂಡುಬಂತು.

ಹಾವಿನ ಸಂಗತಿ ಇವೆಲ್ಲಕ್ಕಿಂತ ಕಠಿಣವಾಗಿತ್ತು. ಹಾವಿನ ಮರಿಗೆ ಮೊಸಳೆಯ ಮರಿಯಂತೆ ಕೂಗಲು ಬಾರದು, ಹಾವಿಗೆ ಹೊರಗಿವಿಯೂ ಇಲ್ಲ. ಆದರೆ ದವಡೆಯ ಎಲುಬು ಮತ್ತು ಮೈಯ ಮೂಲಕ ನೆಲದ ಸಣ್ಣ ಕಂಪನವನ್ನೂ ಅದು ಗ್ರಹಿಸುತ್ತದೆ. ಇದಲ್ಲದೆ ಅನೇಕ ಜಾತಿಯ ಹಾವುಗಳ ತತ್ತಿಗಳು ಇಟ್ಟೊಡನೆ ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲಾಗುವುದರಿಂದ, ಒಂದರೊಳಗಿನ ಅಲುಗಾಟ ಮತ್ತೊಂದಕ್ಕೆ ತಲುಪಲು ದಾರಿಯಂತೂ ಇದ್ದೇ ಇದೆ. ಫ್ರಾನ್ಸಿನ ಫ್ಯಾಬಿಯೆನ್ ಓಬ್ರೆ ಮತ್ತು ಸಂಗಡಿಗರು ನೈರುತ್ಯ ಯುರೋಪಿನ ನೀರುಹಾವೊಂದರ ತತ್ತಿಗಳಲ್ಲಿ ಕೆಲವನ್ನು ತಮಗಿಂತ ಮುಂದೆ ಬೆಳೆದ ತತ್ತಿಗಳಿಗೆ ತಾಗಿಸಿ ಕಾವಿಗಿಟ್ಟು, ಭ್ರೂಣಗಳ ಎದೆಬಡಿತವನ್ನು ಅಳೆದು, 2016ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು: ಬೆಳೆಯುತ್ತಿರುವ ಭ್ರೂಣವು ನೆರೆಯ ತತ್ತಿಯ ಎದೆಬಡಿತವನ್ನೇ ಸುಳಿವಾಗಿ ಹಿಡಿದು ತನ್ನ ಬೆಳವಣಿಗೆಯ ವೇಗವನ್ನು ಹೊಂದಿಸಿಕೊಳ್ಳುತ್ತದೆ, ಕೊನೆಗೆ ಒಡೆಯುವ ಹೊತ್ತನ್ನೂ ಹೊಂದಿಸಿಕೊಳ್ಳುತ್ತದೆ. ಅದೇ ವರ್ಷದ ಇನ್ನೊಂದು ಪ್ರಬಂಧದಲ್ಲಿ, ಒಂಟಿಯಾಗಿ ಬೆಳೆದ ತತ್ತಿಗಳ ಮರಿಗಳು ಹುಟ್ಟಿದ ಮೇಲೂ ಇತರ ಮರಿಗಳೊಡನೆ ಕಡಿಮೆ ಬೆರೆಯುತ್ತವೆಂದು ಅವರು ತೋರಿಸಿದರು.

ಹೀಗೆ ಮೊದಲಿನ ಪ್ರಶ್ನೆಯ ರೂಪವೇ ಬದಲಾಯಿತು. ಹಾವಿನಲ್ಲಿ ಮೊದಲು ಒಡೆದ ತತ್ತಿಯು ಉಳಿದವನ್ನು ತಟ್ಟಿ ಎಬ್ಬಿಸುತ್ತದೆ ಎನ್ನುವುದಕ್ಕಿಂತ, ಒಡೆಯುವ ಮೊದಲೇ ತತ್ತಿಗಳು ಒಂದೇ ಹೆಜ್ಜೆಗೆ ಬಂದಿರುತ್ತವೆ ಎನ್ನುವುದು ಹೆಚ್ಚು ಸರಿ. ಒಟ್ಟಿಗೆ ಹೊರಬರುವುದರ ಲಾಭವೂ ಸ್ಪಷ್ಟ: ಮುಂಗುಸಿ, ಉಡ, ನವಿಲು, ಹದ್ದುಗಳು ಒಂದೇ ಹೊತ್ತಿನಲ್ಲಿ ತಿನ್ನಬಹುದಾದದ್ದಕ್ಕೆ ಮಿತಿಯಿರುವುದರಿಂದ, ಒಮ್ಮೆಗೇ ಚದುರಿದ ಮರಿಗಳಲ್ಲಿ ಕೆಲವಾದರೂ ಉಳಿಯುತ್ತವೆ, ತಡವಾಗಿ ಒಂಟಿಯಾಗಿ ಬಂದ ಮರಿಯ ಮೇಲೆ ಎಲ್ಲ ಕಣ್ಣುಗಳೂ ಬೀಳುತ್ತವೆ. ಯುರೋಪಿನ ನೀರುಹಾವಿನಲ್ಲಿ ಕಂಡದ್ದನ್ನು ನಾಗರಕ್ಕೋ ಕೇರೆಗೋ ಹಾಗೆಯೇ ಅನ್ವಯಿಸುವುದು ಅವಸರವಾದೀತು; ಆದರೂ ಆಲಮಟ್ಟಿ ಮತ್ತು ನಾರಾಯಣಪುರ ಜಲಾಶಯಗಳ ನೀರು ಹರಿಯುವ ಕಾಲುವೆಗಳಲ್ಲಿ ಮೀನು, ಕಪ್ಪೆ ಹಿಡಿಯುವ ನಮ್ಮ ವಿಷರಹಿತ ನೀರುಹಾವು ಅದೇ ಬಳಗಕ್ಕೆ ಸೇರಿದ್ದು. ಕೊಳಕುಮಂಡಲಕ್ಕೆ ಮಾತ್ರ ಈ ಪ್ರಶ್ನೆಯೇ ಇಲ್ಲ. ಅದು ತತ್ತಿಯಿಡದೆ ನೇರವಾಗಿ ಮರಿಗಳನ್ನೇ ಹೆರುತ್ತದೆ.

ಈ ತಿಳಿವಳಿಕೆಗೆ ಹೊಲದಲ್ಲೂ ಅರ್ಥವಿದೆ. ಇಂಡಿಯ ಲಿಂಬೆ ತೋಟದಲ್ಲಿ ಪಾತಿ ಬಿಡಿಸುವಾಗ, ಸಿಂದಗಿಯ ಕಬ್ಬಿನ ಗದ್ದೆಯ ಒಡ್ಡು ಅಗೆಯುವಾಗ, ಇಲ್ಲವೇ ಹಳೆಯ ಬಣವೆ ಕೀಳುವಾಗ ತತ್ತಿಗಳ ಗೊಂಚಲು ಕಂಡರೆ, ಅದನ್ನು ಬಿಡಿಸದೆ, ಹೊರಳಿಸದೆ ಹಾಗೆಯೇ ಮಣ್ಣು ಮುಚ್ಚಿ ದೂರ ಸರಿಯುವುದು, ಮನೆಯ ಬಳಿಯಾದರೆ ಅರಣ್ಯ ಇಲಾಖೆಗೆ ತಿಳಿಸುವುದು ಉಚಿತ. ನಾಗರದ ಮರಿ ಹುಟ್ಟುತ್ತಲೇ ವಿಷವುಳ್ಳದ್ದಾದ್ದರಿಂದ ಈ ದೂರವು ಮನುಷ್ಯನಿಗೂ ರಕ್ಷಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಸರೀಸೃಪಗಳ ತತ್ತಿಗಳನ್ನು ಹಾಳುಮಾಡುವುದನ್ನೂ ಕದಲಿಸುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಕಲ್ಲಿನ ನಾಗನಿಗೆ ಒಂದು ನಡತೆ, ಜೀವದ ನಾಗನಿಗೆ ಇನ್ನೊಂದು ನಡತೆ ಏಕೆಂದು, ಬಾಗೇವಾಡಿಯ ಮಣ್ಣಿಗೆ ಸೇರಿದ ಬಸವಣ್ಣನವರು 12ನೆಯ ಶತಮಾನದಲ್ಲೇ ಕೇಳಿದ್ದರು. ಪಂಚಮಿಯ ಹಾಲು ಬೀಳುವ ಹುತ್ತದ ಕೆಳಗೆ, ಚಿಪ್ಪಿಗೆ ಚಿಪ್ಪು ತಾಗಿಸಿಕೊಂಡ ಪುಟ್ಟ ಎದೆಗಳು ಆ ಹೊತ್ತಿನಲ್ಲಿ ಮಿಡಿಯುತ್ತಿರಬಹುದೆಂದು ತಿಳಿದವರು, ಆ ಪ್ರಶ್ನೆಗೆ ಉತ್ತರವನ್ನು ತಮ್ಮ ಹೊಲದಲ್ಲಿ ಗುದ್ದಲಿಯನ್ನು ತಡೆಹಿಡಿಯುವ ಮೂಲಕ ಕೊಡಬಲ್ಲರು.